ಮೈಕ್ ಮುಂದೆ ಮಾತಾಡ್ಲಾ, ಮನುಷ್ಯರ ಮುಂದೆ ಮಾತಾಡ್ಲಾ?

"ಫಸ್ಟ್ ಐ ಈಟ್ ದ ಐರನ್."

ನಾನು ಹೇಳಿದ್ದು ಅಂತ ಕಂಪ್ಯೂಟರ್ ಸ್ಕ್ರೀನ್ ಮೇಲೆ ಬಂದ ವಾಕ್ಯ ಇದು. ಅಂದ್ರೆ, ಮೊದಲು ನಾನು ಕಬ್ಬಿಣ ತಿಂತೀನಿ!

ನಾನು ಹೇಳಿದ್ದು ಹೀಟ್... ಬಿಸಿ ಮಾಡ್ತೀನಿ ಅಂತ. ಆದ್ರೆ ನಮ್ಮ ಕಡೆ ಗೊತ್ತಲ್ಲ, ಹಾಲು ಆಲಾಗುತ್ತೆ, ಹನೂರು ಅನೂರಾಗುತ್ತೆ. ಇಂಗ್ಲಿಷ್‌ನಲ್ಲೂ ನನ್ನ ನಾಲಿಗೆ "ಹ"ನ ನುಂಗಿಬಿಟ್ಟಿತ್ತು.

ನಾನು ಲೊಕ್ಕನಹಳ್ಳಿಯವನು. ಕೊಳ್ಳೇಗಾಲದಲ್ಲಿ ವೆಲ್ಡಿಂಗ್ ಕೆಲಸ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ರು... ಕೈಗೆ ಸಿಕ್ಕಿದ್ದೆಲ್ಲ ಮಾಡ್ತೀನಿ.

ನ್ಯೂಜಿಲೆಂಡ್‌ನ ಒಂದು ಕಂಪನಿಯವರು ವಿಡಿಯೋ ಕಾಲ್‌ನಲ್ಲಿ ನನ್ನ ಕೆಲಸ ನೋಡಿ ಒಪ್ಪಿದ್ರು. ಅಲ್ಲಿರೋ ಕನ್ನಡದವರೊಬ್ಬರು ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸಿದ್ರು. ಹೆಂಡತಿ ಶೋಭಾ, ಮಗಳು, ಇಬ್ಬರನ್ನೂ ಕರ್ಕೊಂಡು ಹೋಗಬಹುದಂತೆ.

ಆದ್ರೆ ಅರ್ಜಿ ಜೊತೆ ಇಂಗ್ಲಿಷ್ ಟೆಸ್ಟ್ ರಿಸಲ್ಟ್ ಕೊಡಬೇಕು. ತಡ ಆದ್ರೆ ಆ ಕೆಲಸ ಬೇರೆಯವರ ಪಾಲು.

ಐಟಿಐ ಓದಿದ್ದಕ್ಕೆ ಓದೋದು, ಬರೆಯೋದು ಹೆಂಗೋ ನಡೀತಿತ್ತು. ಮಾತು ಅಂದ್ರೆ ಮಾತ್ರ ಭಯ.

ಟೆಸ್ಟ್‌ನಲ್ಲಿ ಎರಡು ಥರ ಇತ್ತು. ಒಂದರಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕಂಪ್ಯೂಟರ್‌ಗೆ ಉತ್ತರ ಹೇಳಬೇಕು. ಇನ್ನೊಂದರಲ್ಲಿ ಪರೀಕ್ಷೆ ಮಾಡೋರೇ ಎದುರಿಗೆ ಕೂತು ಪ್ರಶ್ನೆ ಕೇಳ್ತಾರೆ. ಎರಡೂ ನಡೆಯುತ್ತೆ, ಆರಿಸ್ಕೊಳ್ಳೋದು ನಮಗೆ ಬಿಟ್ಟಿದ್ದು.

ಮೈಸೂರಿನ ಕೋಚಿಂಗ್ ಸರ್ ಹೇಳಿದ್ರು, "ನಿಮ್ಮಂಥವರಿಗೆ ಕಂಪ್ಯೂಟರೇ ಸೇಫ್. ಅದು ನಗಲ್ಲ, ಮುಖಾನೂ ನೋಡಲ್ಲ."

ನನಗೂ ಸರಿ ಅನ್ನಿಸ್ತು. ನಗೋರು ಇಲ್ಲ ಅಂದ್ರೆ ಅರ್ಧ ಭಯ ಹೋದಂಗೆ ಅಲ್ವಾ?

ಆದ್ರೆ ಅವತ್ತು ಪ್ರಾಕ್ಟೀಸ್‌ಗೆ ಕೂತಾಗ ಆಗಿದ್ದೇ ಬೇರೆ. ಕಬ್ಬಿಣ ತಿಂದ ಮೇಲೆ ಬಾಯಿ ಕಟ್ಟೇ ಹೋಯ್ತು. ಬೀಪ್ ಅನ್ನುತ್ತೆ, ಟೈಮ್ ಓಡುತ್ತೆ, ನಾನು ಬಾಯಿ ತೆಗೆಯೋ ಹೊತ್ತಿಗೆ ಮುಂದಿನ ಪ್ರಶ್ನೆ ಬಂದಿರುತ್ತೆ. ಅಕ್ಕಪಕ್ಕದವರು ಪಟಪಟ ಅಂತ ಮಾತಾಡ್ತಿದ್ದಾರೆ... ನಾನು ಮೈಕ್ ನೋಡ್ತಾ ಕೂತಿದ್ದೀನಿ.

ಹೊರಗೆ ಶೋಭಾ ಕಾಯ್ತಿದ್ಲು. ನನ್ನ ಮುಖ ನೋಡಿ, ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟ್ಲು.

ಕೊಳ್ಳೇಗಾಲದಲ್ಲಿ ಬಸ್ ಬದಲಾಯಿಸಿದ್ವಿ. ಮುಂದಿನ ಸೀಟಲ್ಲಿ ವಯಸ್ಸಾದ ಗಂಡ ಹೆಂಡತಿ. ಉತ್ತರ ಭಾರತದ ಕಡೆಯವರು, ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದಾರೆ. ಕನ್ನಡ ಒಂದಕ್ಷರ ಬರಲ್ಲ. ಬೆಟ್ಟ ಇನ್ನೂ ಎಷ್ಟು ದೂರ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ರು.

ಹೇಳಿದೆ. ಆಮೇಲೆ ಹೊಲದಲ್ಲಿರೋದು ಏನು ಬೆಳೆ ಅಂತ ಕೇಳಿದ್ರು. ಅದನ್ನೂ ಹೇಳಿದೆ. ಆನೆ ಬರುತ್ತಾ, ರೇಷ್ಮೆ ಸೀರೆ ಎಲ್ಲಿ ನೇಯ್ತಾರೆ... ಮಾತು ಬೆಳೀತಾನೇ ಹೋಯ್ತು. ಅರ್ಥ ಆಗದಿದ್ದಾಗ "ಸ್ಲೋಲಿ ಸರ್" ಅಂದೆ, ಅವರು ನಿಧಾನವಾಗಿ ಹೇಳಿದ್ರು. ಪದ ಸಿಗದಿದ್ದಾಗ ಕೈಯಲ್ಲಿ ತೋರಿಸಿದೆ. ಅಜ್ಜಿ ನಗ್ತಿದ್ರು. ನನಗೂ ನಗು.

ನಮ್ಮೂರ ಬಸ್ಸಿಗೆ ಅಂತ ಹನೂರಲ್ಲಿ ಇಳಿದ ಮೇಲೆ ಶೋಭಾ ಬ್ಯಾಗ್ ಕೆಳಗಿಟ್ಟು ಕೇಳಿದ್ಲು, "ಅಲ್ಲಾ ಕಣ್ರೀ, ಅಷ್ಟೊತ್ತು ಇಂಗ್ಲಿಷಲ್ಲೇ ಮಾತಾಡುದ್ರಲ್ಲ. ಆ ಮೈಕ್ ಮುಂದ್ಕ್ ಓದ್ರೆ ಮಾತ್ರ ಏನಾಯ್ತದೆ ನಿಮ್ಗೆ?"

"ಇವ್ರು ಎದ್ರಿಗಿದ್ರಲ್ಲ ಕಣೆ. ಕೇಳುಸ್ಕತಿದ್ರು."

"ಅಂಗಾರೆ ಎದ್ರಿಗ್ ಕೂತು ಕೇಳುಸ್ಕಳೋ ಟೆಸ್ಟೇ ತಕಳಿ."

"ನಕ್ಬುಟ್ರೆ?"

"ನಗ್ಲಿ ಬುಡಿ. ಆ ಅಜ್ಜಿನೂ ನಕ್ತು, ನೀವು ಮಾತ್ ನಿಲ್ಲುಸುದ್ರಾ?"

ಮಾರನೇ ದಿನವೇ ಸರ್‌ಗೆ ಫೋನ್ ಮಾಡಿ ಹೇಳಿದೆ. "ನಿಮ್ಮಿಷ್ಟ, ಆಮೇಲೆ ನನ್ನನ್ನ ಅನ್ನಬೇಡಿ" ಅಂದ್ರು. ಅವರದ್ದೇನೂ ತಪ್ಪಿಲ್ಲ. ಎಷ್ಟೋ ಜನಕ್ಕೆ ಕಂಪ್ಯೂಟರೇ ಒಳ್ಳೇದಿರಬಹುದು.

ಇನ್ನು "ಹ" ಸರಿಮಾಡೋ ಕೆಲಸ. ಬಾಯಿ ಮುಂದೆ ಅಂಗೈ ಹಿಡ್ಕೊಂಡು, ಉಸಿರು ತಾಗೋವರೆಗೂ ಹೀಟ್, ಹೋಲ್ಡ್, ಹ್ಯಾಮರ್... ಯಳಂದೂರಿಗೆ ಮಾವನ ಮನೆಗೆ ಹೋದಾಗಲೂ ಹಿತ್ತಲಲ್ಲಿ ಅದೇ ಜಪ.

ಅತ್ತೆ ಗಾಬರಿಯಾಗಿ ಓಡಿ ಬಂದ್ರು. "ಯಾಕಪ್ಪಾ, ಉಬ್ಸ ಏನಾರ ಬಂದದಾ? ಬಿಸ್ನೀರ್ ಕಾಯುಸ್ಲಾ?"

ಪರೀಕ್ಷೆ ದಿನ ಎದುರಿಗೆ ಒಬ್ಬರು ಮೇಡಂ. ಎರಡನೇ ಪ್ರಶ್ನೆಯೇ ಅರ್ಥ ಆಗಲಿಲ್ಲ. ಇನ್ನೊಂದು ಸಲ ಕೇಳ್ತೀರಾ ಮೇಡಂ ಅಂದೆ. ಕೇಳಿದ್ರು! ಅಷ್ಟಕ್ಕೇ ಹೋದ ಜೀವ ಬಂತು.

ಆಮೇಲೆ ಒಂದು ಕಾರ್ಡ್ ಕೊಟ್ರು. ನೀವು ಬಹಳ ಹೊತ್ತು ಕಾಯಬೇಕಾಗಿ ಬಂದ ಒಂದು ಸಂದರ್ಭದ ಬಗ್ಗೆ ಹೇಳಿ ಅಂತ.

ನನಗೆ ಯೋಚನೆ ಮಾಡೋದೇ ಬೇಕಾಗಲಿಲ್ಲ. ಮಗಳು ಹುಟ್ಟಿದ ದಿನ. ಬೆಳಗಿನ ಜಾವ ಶೋಭಾಗೆ ನೋವು ಶುರುವಾಗಿ ಜೀಪಲ್ಲಿ ಕೊಳ್ಳೇಗಾಲಕ್ಕೆ ಹೊರಟಿದ್ವಿ. ಊರು ದಾಟಿದ್ದೇ ತಡ, ರೋಡಲ್ಲಿ ಆನೆ ಹಿಂಡು. ಹಾರ್ನ್ ಹೊಡೆಯಂಗಿಲ್ಲ, ಹಿಂದಕ್ಕೆ ಹೋಗಂಗಿಲ್ಲ. ಶೋಭಾ ನನ್ನ ಕೈಯನ್ನ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ಲು ಅಂದ್ರೆ ಉಗುರು ನೆಟ್ಟಿತ್ತು. ಒಂದು ಮರಿ ಆನೆ ರೋಡ್ ಮಧ್ಯೆ ನಿಂತುಬಿಟ್ಟಿತ್ತು. ಅದರ ತಾಯಿ ವಾಪಸ್ ಬಂದು ಸೊಂಡಿಲಲ್ಲಿ ತಳ್ಳಿಕೊಂಡು ಹೋಯ್ತು.

ಇದನ್ನೆಲ್ಲ ನನ್ನ ಹರಕು ಇಂಗ್ಲಿಷ್‌ನಲ್ಲೇ ಹೇಳಿದೆ. ಎಷ್ಟು "ಹ" ಬಂತೋ, ಎಷ್ಟು ಬಿಟ್ಟುಹೋಯ್ತೋ ನನಗೆ ಜ್ಞಾನ ಇಲ್ಲ.

ಮೇಡಂ ಪೆನ್ ಹಿಡ್ಕೊಂಡು ಕೇಳಿದ್ರು... ಮಗು ಚೆನ್ನಾಗಿತ್ತಾ? ಪರೀಕ್ಷೆಗೆ ಅಂತ ಕೇಳಿದ್ರೋ, ನಿಜವಾಗ್ಲೂ ಕೇಳಿದ್ರೋ ಗೊತ್ತಿಲ್ಲ.

ಚೆನ್ನಾಗಿದ್ದಾಳೆ ಮೇಡಂ, ಈಗ ನನ್ನ ಇಂಗ್ಲಿಷ್ ತಿದ್ದುತಾಳೆ ಅಂದೆ. ನಕ್ಕರು. ಆ ನಗುವಿಗೆ ನನಗೆ ಒಂಚೂರೂ ಭಯ ಆಗಲಿಲ್ಲ.

ರಿಸಲ್ಟ್ ಬಂತು. ಬೇಕಾದಷ್ಟು ಅಂಕ ಎಲ್ಲದರಲ್ಲೂ ಬಂದಿದೆ, ಎಲ್ಲಕ್ಕಿಂತ ಜಾಸ್ತಿ ಬಂದಿರೋದು ಮಾತಾಡೋದರಲ್ಲಿ! ಅರ್ಜಿ ಹಾಕಿದ್ದೀವಿ, ಉತ್ತರ ಇನ್ನೂ ಬರಬೇಕು. ಶೋಭಾ ಮಾತ್ರ ಆಗಲೇ ಮೂವರಿಗೂ ಸ್ವೆಟರ್ ನೋಡ್ತಿದ್ದಾಳೆ.

ನೀವು ಹೇಳಿ... ತಪ್ಪಾದ್ರೂ ಪರವಾಗಿಲ್ಲ ಅಂತ ನೀವು ಮೊದಲ ಸಲ ಧೈರ್ಯವಾಗಿ ಇಂಗ್ಲಿಷ್ ಮಾತಾಡಿದ್ದು ಯಾರ ಜೊತೆ?