ಮೊಳೆ ಜೋಡಿಸುವ ಮಂಜಿಯ ಹಗೆ

ಬರೆಯುವುದನ್ನು ಕಲಿಯಬೇಕು, ಏನು ಮಾಡಲಿ ಎಂದು ಯಾರಾದರೂ ಕೇಳಿಕೊಂಡು ಬಂದರೆ ಶಿರಸಿಯ ಮಂಜಿ ನಾಯ್ಕ ಮೊದಲು ಹೇಳುವುದು, ಒಬ್ಬ ವೈರಿಯನ್ನು ಇಟ್ಟುಕೊಳ್ಳಿ ಎಂದು. ಬಂದವರು ನಗುತ್ತಾರೆ. ಅವಳು ನಗುವುದಿಲ್ಲ. ಚೆನ್ನಾಗಿ ಓದಬೇಕು, ದಿನಾ ಒಂದು ಪುಟ ಬರೆಯಬೇಕು, ಹಿರಿಯರಿಗೆ ತೋರಿಸಬೇಕು ಎಂಬುದನ್ನೆಲ್ಲ ಊರಿನ ಮಾಸ್ತರುಗಳು ಹೇಳಿಯೇ ಹೇಳುತ್ತಾರೆ, ಅಷ್ಟಕ್ಕೆ ತನ್ನ ತನಕ ಯಾಕೆ ಬರಬೇಕು ಎನ್ನುತ್ತಾಳೆ. ಅದರಲ್ಲೂ ಹಿರಿಯರಿಗೆ ತೋರಿಸುವ ಮಾತು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ. ಹಗೆ ಒಳ್ಳೆಯದಲ್ಲ ಎಂದು ಉಪದೇಶ ಮಾಡುವ ದೊಡ್ಡ ಮನುಷ್ಯರು ಬೇಕಾದಷ್ಟು ಜನ ಇದ್ದಾರೆ. ಅವರ ಕಥೆಯನ್ನು ಯಾರೂ ಕದ್ದಿರುವುದಿಲ್ಲ, ಅಷ್ಟೆ.

ಮಂಜಿ ಹುಟ್ಟಿದ್ದು ಸಿದ್ದಾಪುರ ತಾಲೂಕಿನ ಹತ್ತು ಮನೆಯ ಒಂದು ಕೇರಿಯಲ್ಲಿ. ಅಪ್ಪ ಕೆರಿಯ ನಾಯ್ಕನಿಗೆ ಒಂದೆಕರೆ ಗದ್ದೆ. ಅದು ಸಾಲದೆ ಅವ್ವ ತಿಮ್ಮಿ ಆಷಾಢದಲ್ಲಿ ಕಾಡಿಗೆ ಹೋಗಿ ಉಪ್ಪಾಗೆ ಎಂಬ ಹುಳಿ ಕಾಯಿ ಹೆಕ್ಕಿ ತಂದು, ಒಡೆದು, ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಿದ್ದಳು. ಎಸ್ಸೆಸ್ಸೆಲ್ಸಿಯ ಗಣಿತ ಎರಡು ಸಲ ಕೈಕೊಟ್ಟ ಮೇಲೆ, ತೊಂಬತ್ತೊಂದರಲ್ಲಿ, ಮಂಜಿ ಶಿರಸಿಗೆ ಬಂದು ಮಡಿವಾಳಪ್ಪನವರ ಪ್ರೆಸ್ಸಿಗೆ ಸೇರಿದಳು. ಮಡಿವಾಳಪ್ಪ ಹಾವೇರಿ ಕಡೆಯವರು, ಮಾತು ಒರಟು, ಮನಸ್ಸು ಮೆದು. ಮದುವೆ ಕರೆಯೋಲೆ, ಸೊಸೈಟಿಯ ರಸೀದಿ ಪುಸ್ತಕ, ಆಗೊಮ್ಮೆ ಈಗೊಮ್ಮೆ ಕಥೆ ಕವನದ ಪುಸ್ತಕ, ಹೀಗೆ ನಡೆಯುತ್ತಿತ್ತು ಅವರ ಪ್ರೆಸ್ಸು. ಮಂಜಿಯ ಕೆಲಸ ಮೊಳೆ ಜೋಡಿಸುವುದು. ಮೊಳೆ ಎಂದರೆ ಸೀಸದಲ್ಲಿ ಎರಕ ಹೊಯ್ದ ಅಕ್ಷರ. ಬರೆದವರ ಹಾಳೆಯನ್ನು ಎದುರಿಗಿಟ್ಟುಕೊಂಡು, ಒಂದೊಂದೇ ಮೊಳೆಯನ್ನು ಖಾನೆಯಿಂದ ಹೆಕ್ಕಿ ತಲೆಕೆಳಗಾಗಿ ಸಾಲು ಹಿಡಿಸಬೇಕು. ಮೂರು ತಿಂಗಳಲ್ಲಿ ಅವಳ ಬೆರಳು ಕಣ್ಣಿಗಿಂತ ಮುಂದೆ ಓಡತೊಡಗಿತು.

ಆ ಪ್ರೆಸ್ಸಿನ ದೊಡ್ಡ ಗಿರಾಕಿ ಗೋವಿಂದ ಭಟ್ಟರು. ಯಲ್ಲಾಪುರದ ಕಡೆಯವರು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಮೂರು ತಾಲೂಕಿನಲ್ಲಿ ಎಲ್ಲಿ ಸಾಹಿತ್ಯದ ಸಭೆಯಾದರೂ ಅಧ್ಯಕ್ಷರ ಕುರ್ಚಿ ಅವರ ಅಳತೆಗೇ ಮಾಡಿಸಿದ್ದು. ಕಥೆ ಬರೆಯುತ್ತಿದ್ದರು. ಬೆಳಗಾಯಿತು ಎಂದು ಬರೆಯುವುದಕ್ಕೆ ಅವರಿಗೆ ಮೂರು ಸಾಲು ಬೇಕು, ಅದರಲ್ಲಿ ಸೂರ್ಯನಿಗೆ ನಾಲ್ಕು ಹೆಸರು. ಅವರ ಮೊದಲ ಪುಸ್ತಕ ಜೋಡಿಸುವಾಗ ಹತ್ತು ಪುಟ ಆಗುವಷ್ಟರಲ್ಲಿ ಒತ್ತಕ್ಷರದ ಮೊಳೆಗಳೆಲ್ಲ ಖಾಲಿಯಾದವು. ಹೊಸ ಮೊಳೆ ತರಿಸಲು ಹುಬ್ಬಳ್ಳಿಗೆ ಹೋಗಬೇಕು. ಏನು ಮಾಡಲಿ ಎಂದು ಮಂಜಿ ಕೇಳಿದ್ದಕ್ಕೆ ಮಡಿವಾಳಪ್ಪ ತಲೆ ಎತ್ತದೆ, “ಇದ್ದ ಮೊಳ್ಯಾಗ ಬರೂ ಹಂಗ ಮಾಡವಾ. ಸಣ್ಣ ಮಾತು ಹಾಕು. ಅವ್ರೇನು ಕೂಡಿಸಿ ನೋಡಂಗಿಲ್ಲ” ಎಂದರು.

ಭಟ್ಟರು ಕೂಡಿಸಿ ನೋಡಲೂ ಇಲ್ಲ. ಪ್ರೂಫ್ ಹಾಳೆಯನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಓದಿಕೊಂಡು, “ಆನೇ ಬರದ್ದನಾ ಇದು? ಭಾರೀ ಚೊಲೋ ಬಂಜು” ಎಂದು, ಇದನ್ನು ಬರೆದದ್ದು ತಾವೇನಾ ಎಂದು ಬೆರಗಾಗಿ, ತಮ್ಮಷ್ಟಕ್ಕೇ ತಮ್ಮ ಮನೆಮಾತಿನಲ್ಲಿ ಹೇಳಿಕೊಂಡರು. ಒಳಗೆ ಮಂಜಿಗೆ ನಗು ತಡೆಯಲಾಗಲಿಲ್ಲ. ಮೊಳೆಯ ಬಡತನಕ್ಕೆ ಶುರುವಾದ ಕೆಲಸ ನಿಧಾನಕ್ಕೆ ಅವಳ ರುಚಿಯಾಯಿತು. ಒಂದೊಂದು ಅಕ್ಷರಕ್ಕೂ ಬೆರಳು ನೋಯಿಸಿಕೊಳ್ಳುವವಳಿಗೆ ಬೇಡದ ಪದ ಯಾವುದೆಂದು ಬೇಗ ಗೊತ್ತಾಗುತ್ತದೆ. ಅತ್ತಳು ಎಂದ ಮೇಲೆ ಕಣ್ಣೀರು ಎಂದು ಯಾಕೆ ಹೇಳಬೇಕು? ಸಿಟ್ಟು ಬಂತು ಎಂದು ಬರೆಯುವ ಬದಲು ಅವನು ಚೊಂಬನ್ನು ಇಟ್ಟ ಸದ್ದು ಹೇಳಿದರೆ ಸಾಲದೆ? ಹೀಗೆ ಕೇಳಿಕೊಳ್ಳುತ್ತ ಕೇಳಿಕೊಳ್ಳುತ್ತ, ಆರು ವರ್ಷದಲ್ಲಿ ಭಟ್ಟರ ಮೂರು ಪುಸ್ತಕವನ್ನು ಅವಳು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಸವರಿಕೊಟ್ಟಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ ಎಂದು ಪತ್ರಿಕೆಗಳು ಹೊಗಳಿದವು. ಮೂರನೆಯದಕ್ಕೆ ಬಹುಮಾನವೂ ಬಂತು. ಆಗೆಲ್ಲ ಮಂಜಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಭಟ್ಟರು ಹಳೆಯ ಮಾಸಪತ್ರಿಕೆಗಳನ್ನು ತಂದು ಓದಲು ಕೊಡುತ್ತಿದ್ದರು, ಅದರ ಋಣ ಇದೆ ಎಂದೇ ಅವಳು ತಿಳಿದಿದ್ದಳು.

ತೊಂಬತ್ತೇಳರಲ್ಲಿ ಅವಳು ತನ್ನದೇ ಒಂದು ಕಥೆ ಬರೆದಳು. ಬೇಡವಾದ ಪ್ರೂಫ್ ಹಾಳೆಗಳ ಹಿಂಬದಿಯಲ್ಲಿ, ಭಾನುವಾರಗಳಲ್ಲಿ, ಹನ್ನೊಂದು ಸಲ ತಿದ್ದಿ ಬರೆದದ್ದು. ಹೆಸರು ‘ಹುಳಿ ಕೈ’. ಉಪ್ಪಾಗೆ ಒಡೆದು ಒಡೆದು ಅವ್ವನ ಕೈಯೆಲ್ಲ ಬಿರಿದು, ಬಿರುಕಿಗೆ ಹುಳಿ ಇಳಿದು, ಉಪ್ಪಿನ ಗಂಜಿಯನ್ನು ಮುಟ್ಟಲಾಗದೆ ಕೂತಿದ್ದಾಗ ಆರು ವರ್ಷದ ಮಗಳು ತುತ್ತು ಮಾಡಿ ಉಣ್ಣಿಸುತ್ತಾಳೆ. ಅವ್ವನಿಗೆ ಒಂದು ತುತ್ತು, ಅವ್ವ ಅತ್ತ ನೋಡಿದಾಗ ತನಗೆ ಒಂದು ತುತ್ತು. ಕಥೆ ಇಷ್ಟೇ. ಎರಡೂವರೆ ಪುಟ. ಹಸಿವು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅದನ್ನು ಭಟ್ಟರಿಗೆ ಕೊಟ್ಟಳು. ಎರಡು ತಿಂಗಳಾದರೂ ಸುದ್ದಿಯಿಲ್ಲ. ಕೇಳಿದ್ದಕ್ಕೆ ಅವರು ಕನ್ನಡಕ ಒರೆಸುತ್ತ, “ಇದೆಲ್ಲ ಕಥೆ ಆಗೂದಿಲ್ಲ ಮಂಜಿ. ನಿನ್ನ ಕೆಲ್ಸ ಮೊಳೆ ಜೋಡ್ಸೂದು. ಅದನ್ನ ಚಂದ ಮಾಡ್ತೆ, ಅದನ್ನೇ ಮಾಡು” ಎಂದರು. ಹಾಳೆ ಕೊಡಿ ಎಂದರೆ ಎಲ್ಲೋ ಕಳೆದುಹೋಯಿತು ಎಂದರು. ಅವಳು ಅಂದು ಪ್ರೆಸ್ಸಿನ ಹಿಂದಿನ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ತಾನು ಬರೆದದ್ದು ಕಥೆಯಲ್ಲ ಎಂದು ನಂಬಿ ಎರಡು ವರ್ಷ ಏನನ್ನೂ ಬರೆಯಲಿಲ್ಲ. ಕದ್ದದ್ದಕ್ಕಿಂತ ಈ ಎರಡು ವರ್ಷಕ್ಕೇ ಅವಳಿಗೆ ಇವತ್ತಿಗೂ ಹೆಚ್ಚು ಸಿಟ್ಟು.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಭಟ್ಟರ ನಾಲ್ಕನೆಯ ಪುಸ್ತಕದ ಹಸ್ತಪ್ರತಿ ಬಂತು. ಹನ್ನೆರಡು ಕಥೆ. ಒಂಬತ್ತನೆಯದರ ಹೆಸರು ‘ಮಾತೃಹಸ್ತ’. ಜೋಡಿಸಲು ಕೂರುವ ಮೊದಲು ಹಾಳೆ ತಿರುವುತ್ತಿದ್ದ ಮಂಜಿಯ ಬೆರಳು ಅದರ ಮೊದಲ ಸಾಲಿನಲ್ಲೇ ನಿಂತಿತು. ಅದೇ ಮಳೆ, ಅದೇ ಗಂಜಿ, ಅದೇ ಮಗಳು. ಅವ್ವ ಮಾತ್ರ ದೇವತೆಯಾಗಿದ್ದಳು, ಅವಳ ಕೈಗೆ ಪುಣ್ಯದ ಪರಿಮಳ ಬಂದಿತ್ತು, ಮಗಳ ಕಣ್ಣಿಂದ ಮುತ್ತುಗಳು ಉದುರುತ್ತಿದ್ದವು. ಎರಡೂವರೆ ಪುಟ ಒಂಬತ್ತು ಪುಟವಾಗಿತ್ತು. ತನ್ನ ಕಥೆಯನ್ನು ತಾನೇ ಅಕ್ಷರ ಅಕ್ಷರವಾಗಿ ಹೆಕ್ಕಿ ಇನ್ನೊಬ್ಬರ ಹೆಸರಿನ ಕೆಳಗೆ ಇಡಬೇಕಾದ ಶಿಕ್ಷೆ ಶತ್ರುವಿಗೂ ಬೇಡ. ಅವಳು ಮಡಿವಾಳಪ್ಪನವರಿಗೆ ಹೇಳಿದಳು. ನೀನು ಬರೆದ ಹಾಳೆ ಏನಾದರೂ ಉಳಿದಿದೆಯೇ ಎಂದು ಅವರು ಕೇಳಿದರು. ಇಲ್ಲ, ತಿದ್ದಿದ ಹಾಳೆಗಳನ್ನೆಲ್ಲ ಆಗಲೇ ಒಲೆಗೆ ಹಾಕಿದ್ದೆ ಎಂದಳು. ಹಾಗಾದರೆ ಯಾರೂ ನಂಬುವುದಿಲ್ಲ, ಕಾಲೇಜು ಮಾಸ್ತರರ ಎದುರು ಎಸ್ಸೆಸ್ಸೆಲ್ಸಿ ಫೇಲಾದವಳ ಮಾತು ಯಾರಿಗೆ ಬೇಕು ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಅಂದಿನಿಂದ ಮಂಜಿಗೆ ಬೇಕಾದದ್ದು ಒಂದೇ. ಆ ಕಥೆ ಕೆರಿಯ ನಾಯ್ಕನ ಮಗಳದ್ದು ಎಂದು ಭಟ್ಟರ ಬಾಯಿಂದಲೇ ಊರು ಕೇಳಬೇಕು. ಬೈಯಲಿಲ್ಲ, ಜಗಳ ಆಡಲಿಲ್ಲ. ಉಳಿದ ಹನ್ನೊಂದು ಕಥೆಯನ್ನು ಭಟ್ಟರು ಬರೆದ ಹಾಗೇ ಜೋಡಿಸಿದಳು. ಸೂರ್ಯನ ನಾಲ್ಕೂ ಹೆಸರನ್ನು ಉಳಿಸಿದಳು. ಮೊಳೆ ಮುಗಿದರೆ ಹುಬ್ಬಳ್ಳಿಯಿಂದ ತರಿಸಲು ಹೇಳಿ ಕಾದಳು. ಬೇಡದ ಪದ ಕಂಡರೆ ಬೆರಳು ತುರಿಸುತ್ತಿತ್ತು, ಹಲ್ಲು ಕಚ್ಚಿ ಅದನ್ನೂ ಇಡುತ್ತಿದ್ದಳು. ಅಷ್ಟು ಕಷ್ಟದ ಕೆಲಸವನ್ನು ಅವಳು ಮೊದಲೆಂದೂ ಮಾಡಿರಲಿಲ್ಲ. ಒಂಬತ್ತನೆಯ ಕಥೆಗೆ ಬಂದಾಗ ಮಾತ್ರ ಭಟ್ಟರ ಹಾಳೆಯನ್ನು ಬೋರಲು ಹಾಕಿದಳು. ತಾನು ಬರೆದ ಎರಡೂವರೆ ಪುಟ ಅವಳಿಗೆ ಬಾಯಿಪಾಠವಿತ್ತು. ಅದನ್ನೇ ಜೋಡಿಸಿದಳು. ತಲೆಬರಹ ಮಾತ್ರ ಭಟ್ಟರದ್ದು ಇರಲಿ ಎಂದು ಬಿಟ್ಟಳು.

ಮಡಿವಾಳಪ್ಪ ಪ್ರೂಫ್ ತೆಗೆದು ನೋಡಿ, “ನಾ ಏನೂ ನೋಡಿಲ್ಲವಾ” ಎಂದು ಹೊರಗೆ ಚಹ ಕುಡಿಯಲು ಹೋದರು. ಭಟ್ಟರು ಪ್ರೂಫ್ ಓದಿದರು. ಒಂಬತ್ತನೆಯ ಕಥೆಯನ್ನು ಎರಡು ಸಲ ಓದಿ ಕಣ್ಣು ಒರೆಸಿಕೊಂಡರು. ತಾವು ಹಚ್ಚಿದ ಬಣ್ಣವೆಲ್ಲ ಎಲ್ಲಿ ಹೋಯಿತೆಂದು ಅವರಿಗೆ ಗೊತ್ತಾಗಲೇ ಇಲ್ಲವೋ, ಗೊತ್ತಾದರೂ ಕೇಳಿದರೆ ಕಳವು ಹೊರಬೀಳುತ್ತದೆ ಎಂದು ನುಂಗಿಕೊಂಡರೋ, ಹೇಳುವುದು ಕಷ್ಟ. ಕಳ್ಳನಿಗೆ ದೂರು ಕೊಡುವ ಸ್ವಾತಂತ್ರ್ಯ ಇರುವುದಿಲ್ಲ. ಅಚ್ಚು ಹಾಕಬಹುದು ಎಂದು ಬರೆದು ಸಹಿ ಹಾಕಿ ಕೊಟ್ಟರು.

ಪುಸ್ತಕ ಬಂತು. ಹೊಗಳುತ್ತಿದ್ದವರೇ ಮುಖ ಹುಳ್ಳಗೆ ಮಾಡಿದರು. ಒಂದು ಪತ್ರಿಕೆಯಲ್ಲಿ, ಹನ್ನೊಂದು ಕಥೆಗಳನ್ನು ಓದಿ ಮುಗಿಸುವುದೇ ಒಂದು ವ್ರತ, ಒಂದೇ ಒಂದು ಕಥೆ ಮಾತ್ರ ಬೇರೆ ಯಾರೋ ಬರೆದಂತಿದೆ ಎಂದು ಬಂತು. ಮಂಜಿ ಆ ತುಂಡನ್ನು ಕತ್ತರಿಸಿ ಕಂಪೋಸಿಂಗ್ ಕೋಣೆಯ ಗೋಡೆಗೆ ಅಂಟಿಸಿದಳು. ಅಲ್ಲಿಂದ ಮುಂದೆ ಭಟ್ಟರನ್ನು ಕರೆದವರೆಲ್ಲ ಆ ಒಂದು ಕಥೆಯನ್ನೇ ಓದಿ ಎಂದು ಕೇಳತೊಡಗಿದರು. ಅವರೂ ಓದತೊಡಗಿದರು. ಬೇರೆ ದಾರಿ ಇರಲಿಲ್ಲ.

ಎರಡು ಸಾವಿರದ ಫೆಬ್ರವರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಸಿದ್ದಾಪುರದಲ್ಲಿ ಪುಸ್ತಕದ ಬಗ್ಗೆ ಸಂವಾದ ಇಟ್ಟಿದ್ದರು. ಕರೆಯೋಲೆ ಅಚ್ಚಾದದ್ದು ಮಡಿವಾಳಪ್ಪನವರ ಪ್ರೆಸ್ಸಿನಲ್ಲೇ, ಹಾಗಾಗಿ ಮಂಜಿಗೆ ಗೊತ್ತಾಯಿತು. ಹಿಂದಿನ ದಿನವೇ ಊರಿಗೆ ಹೋಗಿ ಅವ್ವನನ್ನು ಹೊರಡಿಸಿಕೊಂಡು ಬಂದಳು. ತಿಮ್ಮಿಗೆ ಓದು ಬಾರದು. ಮಗಳು ಕಥೆ ಬರೆದದ್ದೂ ಗೊತ್ತಿಲ್ಲ, ಅದು ಕಳುವಾದದ್ದೂ ಗೊತ್ತಿಲ್ಲ. ಭಟ್ಟರು ಓದಿ ಮುಗಿಸಿದ ಮೇಲೆ ಎದ್ದು ನಿಂತು, ಈ ಅವ್ವ ಯಾರು ಹೇಳಿ ಎಂದು ಕೇಳಿ, ಪಕ್ಕದಲ್ಲಿ ಕೂತವಳನ್ನು ತೋರಿಸಬೇಕು ಎಂದು ಮಂಜಿ ಲೆಕ್ಕ ಹಾಕಿದ್ದಳು. ಇಬ್ಬರೂ ಎರಡನೆಯ ಸಾಲಿನಲ್ಲಿ ಕೂತರು. ವೇದಿಕೆಯ ಮೇಲಿಂದ ಭಟ್ಟರು ಅವಳನ್ನು ನೋಡಿ, ನಮ್ಮ ಪ್ರೆಸ್ಸಿನ ಹುಡುಗಿಯೂ ಬಂದಿದ್ದಾಳೆ ಎಂಬಂತೆ ನಕ್ಕರು.

ಭಟ್ಟರ ಕಂಠ ಒಳ್ಳೆಯದು, ಅದನ್ನು ಇಲ್ಲ ಎನ್ನುವಂತಿಲ್ಲ. ನಿಧಾನವಾಗಿ ಓದಿದರು. ಅವ್ವನಿಗೆ ಒಂದು ತುತ್ತು, ಅವ್ವ ಅತ್ತ ನೋಡಿದಾಗ ತನಗೆ ಒಂದು ತುತ್ತು ಎಂಬಲ್ಲಿಗೆ ಬಂದಾಗ ತಿಮ್ಮಿ ಮಗಳ ಕಡೆ ತಿರುಗಿದಳು. ಗದ್ದೆಯಲ್ಲಿ ಮಾತಾಡಿ ಬೆಳೆದ ಗಂಟಲು, ಪಿಸುಗುಡುವುದು ಗೊತ್ತಿಲ್ಲ.

“ನೀ ತಿಂತಿದ್ದೆ ಅಂತ ನಂಗೆ ಗೊತ್ತಿತ್ತು ಮಂಜಿ. ನಿಂಗೂ ಹಸಿವಲ್ದಾ, ಅದ್ಕೇ ಅತ್ಲಾಗೆ ನೋಡ್ತಿದ್ದೆ.”

ಸಭೆ ತಿರುಗಿ ನೋಡಿತು. ಭಟ್ಟರ ಓದು ನಿಂತಿತು. ಕಲಿತುಕೊಂಡು ಬಂದ ಪ್ರಶ್ನೆಯನ್ನು ಬಿಟ್ಟು ಮಂಜಿ ಅವ್ವನ ಮುಖವನ್ನೇ ನೋಡಿದಳು. ಅವ್ವ ಬೇಕೆಂದೇ ಅತ್ತ ನೋಡುತ್ತಿದ್ದಳು ಎಂಬುದು ಕಥೆ ಬರೆದವಳಿಗೇ ಗೊತ್ತಿರಲಿಲ್ಲ. ಸಂವಾದ ನಡೆಸುತ್ತಿದ್ದ ಉಪನ್ಯಾಸಕಿ ಅಭಿಜ್ಞಾ ಹೆಗಡೆ ಎದ್ದು ಬಂದು, ಈ ಕಥೆ ನಿಮಗೆ ಮೊದಲೇ ಗೊತ್ತೇ ಎಂದು ಮುದುಕಿಯನ್ನು ಮೆಲ್ಲಗೆ ಕೇಳಿದಳು.

“ಕಥೆ ಎಂತದ್ದು? ನಮ್ಮನೆ ಮಾತು ಇದು. ಭಟ್ರಿಗೆ ಯಾರು ಹೇಳಿದ್ರೋ” ಎಂದು ತಿಮ್ಮಿ ಎರಡೂ ಕೈಯನ್ನು ಬಿಡಿಸಿ ತೋರಿಸಿದಳು. ಹಳೆಯ ಬಿರುಕುಗಳು ಕಪ್ಪಗೆ ಕೂತಿದ್ದವು.

ಆಗ ಮಂಜಿ ಎದ್ದಳು. ತಾನು ಬರೆದು ಕೊಟ್ಟದ್ದು ಎಂದಷ್ಟೇ ಹೇಳಿ, ಭಟ್ಟರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದೆ, ಪುಸ್ತಕವಿಲ್ಲದೆ, ಕೊನೆಯ ಸಾಲಿನ ತನಕ ಹೇಳಿದಳು. ಪುಸ್ತಕ ಕೈಯಲ್ಲಿದ್ದವರು ಸಾಲಿನ ಮೇಲೆ ಬೆರಳಿಟ್ಟು ನೋಡುತ್ತ ಹೋದರು. ಒಂದಕ್ಷರ ಆಚೀಚೆ ಆಗಲಿಲ್ಲ. ಅಭಿಜ್ಞಾ ಭಟ್ಟರ ಕಡೆ ತಿರುಗಿ, ಏನು ಹೇಳುತ್ತೀರಿ ಸರ್ ಎಂದು ಕೇಳಿದಳು. ಭಟ್ಟರು ನೀರು ಕುಡಿದರು. ಮತ್ತೆ ಕುಡಿದರು. ಕೊನೆಗೆ, ಹೌದು, ಆ ಹುಡುಗಿಯದ್ದೇ ಎಂದರು. ಮಂಜಿಗೆ ಅಂದು ಹಾಲು ಕುಡಿದಷ್ಟು ಸಂತೋಷವಾಯಿತು. ಮುದುಕನ ಮುಖ ನೋಡಿ ಪಾಪ ಎನಿಸಲಿಲ್ಲವೇ ಎಂದು ಕೇಳಿದವರಿಗೆ, ಒಂದು ಚೂರೂ ಎನಿಸಲಿಲ್ಲ ಎಂದೇ ಈಗಲೂ ಹೇಳುತ್ತಾಳೆ.

ಎಂಟು ದಿನ ಬಿಟ್ಟು ಭಟ್ಟರು ಪ್ರೆಸ್ಸಿಗೆ ಬಂದರು. ನೀನು ಪುಸ್ತಕ ಮಾಡು, ಮುನ್ನುಡಿ ಬರೆದುಕೊಡುತ್ತೇನೆ ಎಂದರು. ಮುನ್ನುಡಿ ಬೇಡ ಎಂದಳು. ಒಂಬತ್ತನೆಯ ಕಥೆ ಮಂಜಿ ಕೆರಿಯ ನಾಯ್ಕಳದ್ದು, ತಮ್ಮದಲ್ಲ ಎಂದು ಅವರ ಕೈಯಲ್ಲೇ ಒಂದು ಚೀಟಿ ಬರೆಸಿಕೊಂಡಳು. ಅವರನ್ನು ಬೆಂಚಿನ ಮೇಲೆ ಕೂರಿಸಿ, ಅವರೆದುರೇ ಅದನ್ನು ಜೋಡಿಸಿ, ಅಚ್ಚು ಹಾಕಿ, ಉಳಿದಿದ್ದ ನಾನೂರು ಪ್ರತಿಗೂ ಅಂಟಿಸಿದಳು. ಭಟ್ಟರು ಕದಲದೆ ಕೂತಿದ್ದರು. ಅಂಟಿಸಿ ಮುಗಿದ ಮೇಲೆ, ಅಷ್ಟು ದಿನದಿಂದ ಕೊರೆಯುತ್ತಿದ್ದ ಮಾತನ್ನು ಮೆಲ್ಲಗೆ ಕೇಳಿದರು.

“ಒಂದು ಮಾತು ಮಂಜಿ. ಮೊದಲಿನ ಮೂರು ಪುಸ್ತಕ ಅಷ್ಟು ಬಿಗಿಯಾಗಿ ಬಂದಿತ್ತು. ಈ ಹನ್ನೊಂದು ಕಥೆ ಎಂತಕ್ಕೆ ಹೀಂಗಾಯ್ತು?”

ಮಂಜಿ ಗೋಂದಿನ ಕೈಯನ್ನು ಒರೆಸಿಕೊಂಡಳು. ಈ ಪ್ರಶ್ನೆಗಾಗಿಯೇ ಅವಳು ಕಾದಿದ್ದಳು.

“ಆ ಮೂರನ್ನ ನಾ ತಿದ್ದಿದ್ದೆ ಭಟ್ರೇ. ಈ ಹನ್ನೊಂದನ್ನ ಮುಟ್ಲಿಲ್ಲ. ನೀವು ಬರೆದದ್ದು ಹೀಗೇ ಇರೂದು. ಮುಂದಿನ ಪುಸ್ತಕ ತನ್ನಿ, ಬರೆದ ಹಾಗೇ ಜೋಡಿಸಿ ಕೊಡ್ತೀನಿ.”

ಗೋವಿಂದ ಭಟ್ಟರು ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಕರೆದ ಸಭೆಗೆಲ್ಲ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಬರೆದ ಒಂದು ಪುಟವನ್ನೂ ಮತ್ತೆ ಯಾವ ಪ್ರೆಸ್ಸಿಗೂ ಕೊಡಲಿಲ್ಲ.