ಎರ್ರಗಾನಹಳ್ಳಿ ಗೇಟಿಗೆ ಗ್ರಾಂಟು ತಂದ ಕದಿರಮ್ಮ

ಎರ್ರಗಾನಹಳ್ಳಿಯ ಕದಿರಮ್ಮನ ಬಾಯಿಗೆ ಹೆದರದೆ ಇದ್ದದ್ದು ಎರಡೇ. ಒಂದು ಅವಳ ಎಮ್ಮೆ, ಇನ್ನೊಂದು ಬಂಗಾರಪೇಟೆಯಿಂದ ಚಿನ್ನದ ಗಣಿಯ ಕೋರಮಂಡಲ್ ಕಡೆಗೆ ಹೋಗುವ ರೈಲು. ಎಮ್ಮೆಗಾದರೂ ಒಂದೆರಡು ಮಾತು ನಾಟುತ್ತಿತ್ತು. ರೈಲಿಗೆ ಅದೂ ಇಲ್ಲ.

ಊರಿಗೂ ಬಸ್ಸು ರಸ್ತೆಗೂ ನಡುವೆ ರೈಲು ಹಳಿ. ಬೆಳಗಾದರೆ ಕದಿರಮ್ಮ ಹಾಲಿನ ಕ್ಯಾನು ಸೊಂಟಕ್ಕಿಟ್ಟುಕೊಂಡು ಹಳಿ ದಾಟಿ, ಬಸ್ಸು ಹಿಡಿದು ರಾಬರ್ಟ್‌ಸನ್‌ಪೇಟೆಗೆ ಹೋಗುವಳು. ಅಲ್ಲಿನ ಹೋಟೆಲುಗಳಲ್ಲಿ ತಮಿಳಿನಲ್ಲಿ ಹಾಲು ಮಾರಿ, ತೆಲುಗಿನಲ್ಲಿ ಜಗಳವಾಡಿ, ಹತ್ತು ಗಂಟೆಗೆ ಮನೆಗೆ ಬಂದು ಗಂಡನನ್ನು ಕನ್ನಡದಲ್ಲಿ ಬೈಯುವಳು. ಹಳಿ ದಾಟುವ ಜಾಗದಲ್ಲಿ ಗೇಟೂ ಇರಲಿಲ್ಲ, ಕಾಯುವವನೂ ಇರಲಿಲ್ಲ. ‘ನಿಲ್ಲಿ, ನೋಡಿ, ಹೋಗಿ’ ಎಂಬ ಕುಳ್ಳ ಬೋರ್ಡೊಂದಿತ್ತು. ಊರಿನ ಆಡುಗಳು ಮೈ ತುರಿಸಿದಾಗೆಲ್ಲ ಅದಕ್ಕೆ ಉಜ್ಜಿ ಉಜ್ಜಿ, ನಡುವಿನ ‘ನೋಡಿ’ ಅಳಿಸಿಹೋಗಿತ್ತು.

ಎಂಬತ್ನಾಲ್ಕನೇ ಇಸವಿಯಲ್ಲಿ, ಹುಣಸೆಹಣ್ಣು ಬಡಿಯುವ ಕಾಲ. ಅವಳ ಗಂಡ ಚಿಕ್ಕವೆಂಕಟಪ್ಪ ಎತ್ತಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ. ಅಲ್ಲಿ ಹಳಿ ತಿರುಗುತ್ತದೆ, ತಿರುವಿನ ತುಂಬ ಜಾಲಿ ಬೆಳೆದಿದೆ, ಬರುವ ರೈಲು ಕಾಣುವುದಿಲ್ಲ. ಎತ್ತುಗಳು ದಾಟಿದವು. ಚಿಕ್ಕವೆಂಕಟಪ್ಪನೂ ದಾಟಿದ. ಗಾಡಿಯ ಹಿಂಭಾಗ ದಾಟಲಿಲ್ಲ. ಅವನು ಹೋಗಿ ಕಾಲುವೆಯಲ್ಲಿ ಬಿದ್ದ. ಎಡಗಿವಿ ಅಂದಿಗೆ ಕಿವುಡಾಯಿತು. ಗಾಡಿಯ ಒಂದು ಹಲಗೆ ಇಂಜಿನ್ನಿಗೆ ಸಿಕ್ಕಿಕೊಂಡು ಟಿಕೆಟ್ಟಿಲ್ಲದೆ ಕೋರಮಂಡಲ್‌ವರೆಗೂ ಹೋಯಿತು. ವಾರ ಕಳೆದ ಮೇಲೆ, ರೈಲಿಗೆ ಅಡ್ಡ ಬಂದದ್ದಕ್ಕೆ ದಂಡ ಕಟ್ಟಬೇಕೆಂದು ಚಿಕ್ಕವೆಂಕಟಪ್ಪನಿಗೇ ಕಾಗದ ಬಂತು.

“ನಾವು ಅಡ್ಡ ಬಂದ್ವಾ? ನಮ್ಮ ತಾತನ ಕಾಲದ ದಾರಿಗೆ ಇವ್ರ ರೈಲು ಅಡ್ಡ ಬಂತಾ?” ಎಂದು ಕದಿರಮ್ಮ ಆ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ರೈಲಿನ ಕಡೆ ಆಫೀಸಿನವರು, “ಗೇಟು ಹಾಕೋಕೆ ನಾವು ರೆಡಿ, ಹಣ ಸರ್ಕಾರ ಕೊಡಬೇಕು” ಅಂದರು. ಸರ್ಕಾರದ ಕಡೆ ಆಫೀಸಿನವರು, “ಹಣ ಕೊಡೋಕೆ ನಾವು ರೆಡಿ, ರೈಲಿನವರು ಕೇಳಬೇಕು” ಅಂದರು. ಎರಡು ಆಫೀಸಿಗೂ ನಡುವೆ ಒಂದು ಫರ್ಲಾಂಗು. ಕದಿರಮ್ಮ ಅದನ್ನು ಎರಡು ವರ್ಷ ನಡೆದಳು. ಕೊನೆಗೆ ಒಬ್ಬ ಸಾಹೇಬನ ಮೇಜಿನ ಮೇಲೆ ಹಾಲಿನ ಕ್ಯಾನು ಕುಕ್ಕಿ, “ಇಬ್ರೂ ರೆಡಿ ಇದ್ರೆ ಇನ್ನೇನು, ಓಲಗ ಊದ್ಸೋಣ್ವಾ?” ಅಂದಳು.

ಹಾಲು ತುಳುಕಿ ಫೈಲು ನೆನೆಯಿತು. ಒಣಗಿಸಲು ತೆಗೆದವರು ಅದನ್ನು ಓದಿಯೂ ಬಿಟ್ಟರು. ಗ್ರಾಂಟು ಬರಬೇಕಾದರೆ ಮೊದಲು ಏಳು ದಿನ ಕೂತು ಅಲ್ಲಿ ದಾಟುವ ಗಾಡಿಗಳನ್ನು ಎಣಿಸಬೇಕು, ಎಣಿಕೆ ಸಾಕಷ್ಟು ಬಂದರೆ ಮಾತ್ರ ಹಣ ಎಂದು ಅದರಲ್ಲಿತ್ತು.

ಎಣಿಸಲು ಬಂದವರು ರಾಮಚಂದ್ರಪ್ಪ. ರಿಟೈರಾಗಲು ನಾಲ್ಕು ವರ್ಷವಿದ್ದ ಸಣಕಲು ಗುಮಾಸ್ತ. ಜೊತೆಗೆ ಸರ್ಕಾರಿ ನಂಬರು ಬರೆದ ಒಂದು ಮಡಚುವ ಕುರ್ಚಿ, ಒಂದು ಕರಿ ಕೊಡೆ. ಹುಣಸೆಮರದ ಕೆಳಗೆ ಕೂತು ಮೊದಲ ದಿನ ಹನ್ನೊಂದು ಗೀಟು ಎಳೆದರು.

“ಬೆಳಗಿಂದ ನೂರು ಜನ ದಾಟವ್ರೆ, ಅನ್ನೊಂದಾ ಸಾಮಿ?” ಕದಿರಮ್ಮ ಕೇಳಿದಳು.

“ಚಕ್ರ ಇದ್ರೆ ಮಾತ್ರ ಲೆಕ್ಕಮ್ಮ. ಮನುಷ್ಯರನ್ನ ಎಣಿಸೋ ಹಾಗಿಲ್ಲ.”

“ಎಮ್ಮೆ?”

“ಇಲ್ಲ.”

“ಅಂದ್ರೆ ನಾನೂ ನಮ್ಮೆಮ್ಮೆನೂ ಒಂದೇ ಅನ್ನಿ.”

“ರೂಲ್ಸು ಹಾಗಿದೆ” ಎಂದರು ರಾಮಚಂದ್ರಪ್ಪ, ಪಾಪ, ತಲೆ ತಗ್ಗಿಸಿ.

ಮಾರನೆಯ ಬೆಳಿಗ್ಗೆ ಊರಿನ ಒಂಬತ್ತು ಗಾಡಿಗಳೂ ಹಳಿ ದಾಟಿದವು. ಆಚೆ ಹೋಗಿ ಹುಣಸೆಮರ ಸುತ್ತಿ ಮತ್ತೆ ದಾಟಿದವು. ಗಾಡಿಯ ಮೇಲೆ ಹೊರೆಯಿಲ್ಲ, ಹೊಡೆಯುವವರ ಮುಖದಲ್ಲಿ ನಾಚಿಕೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ರಾಮಚಂದ್ರಪ್ಪ ಕನ್ನಡಕ ಒರೆಸಿಕೊಂಡು ಕರೆದರು.

“ಕದಿರಮ್ಮ, ಆ ಮುರುಕು ಕೊಂಬಿನ ಎತ್ತು ಹದಿನಾಲ್ಕನೇ ಸಲ ಹೋಗ್ತಿದೆ.”

“ಅದಕ್ಕೆ ಆ ಕಡೆ ನೆಂಟ್ರು ಜಾಸ್ತಿ ಸಾಮಿ.”

ರಾಮಚಂದ್ರಪ್ಪನವರಿಗೆ ನಗು ತಡೆಯಲಾಗಲಿಲ್ಲ. “ದಾಟಿದ್ದನ್ನ ಬರಿ ಅಂತ ಇದೆ. ಯಾಕೆ ದಾಟ್ತು ಅಂತ ಕೇಳು ಅಂತ ಎಲ್ಲೂ ಇಲ್ಲ” ಎಂದು ಗೀಟು ಎಳೆದರು. ಅಂದಿನಿಂದ ಅವರಿಗೆ ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಕದಿರಮ್ಮನ ಮನೆಯದೇ.

ಐದನೆಯ ದಿನ ಎಡವಟ್ಟಾಯಿತು. ಬಿಸಿಲು ಸುಡುತ್ತಿತ್ತು. ಮುರುಕು ಕೊಂಬಿನ ಎತ್ತಿಗೆ ಈ ಆಟ ಸಾಕಾಗಿ, ಹಳಿಯ ನಟ್ಟನಡುವೆ ಮಲಗಿಬಿಟ್ಟಿತು. ಗಾಡಿಯ ಮೇಲಿದ್ದವನು ಚಿಕ್ಕವೆಂಕಟಪ್ಪ. ನೊಗ ಕಳಚಲು ಬರುತ್ತಿಲ್ಲ, ಹಿಂದೆ ಇನ್ನೆರಡು ಗಾಡಿ. ಅಷ್ಟರಲ್ಲಿ ಜಾಲಿಯ ಆಚೆ ರೈಲು ಕೂಗಿತು.

“ಇಳಿಯಯ್ಯೋ! ಬಿಟ್ಟು ಬಾರಯ್ಯೋ!” ಕದಿರಮ್ಮ ಅರಚಿದಳು. ಕೂಗಿದ್ದು ಗಂಡನ ಎಡಗಿವಿಯ ಕಡೆಯಿಂದ. ಅವನು ಎತ್ತಿಗೆ ಬುದ್ಧಿ ಹೇಳುತ್ತಲೇ ಇದ್ದ. ಗೇಟಿನ ಆಸೆಗೆ ಗಂಡನನ್ನು ತಾನೇ ತಂದು ರೈಲಿನ ಬಾಯಿಗೆ ಇಟ್ಟೆನಲ್ಲ ಎಂದುಕೊಂಡು, ಓಡಿಹೋಗಿ ಎತ್ತಿನ ಬಾಲ ಹಿಡಿದು ತಿರುಚಿದಳು. ಬಾಯಲ್ಲಿ ಮೊದಲ ಬಾರಿಗೆ ಒಂದು ಬೈಗುಳವೂ ಬರಲಿಲ್ಲ.

ರಾಮಚಂದ್ರಪ್ಪ ಎದ್ದರು. ಜೀವಮಾನದಲ್ಲಿ ಬಸ್ಸಿಗೂ ಓಡದ ಮನುಷ್ಯ ಕುರ್ಚಿ, ಕೊಡೆ ಕಂಕುಳಲ್ಲಿ ಅವುಚಿಕೊಂಡು ಹಳಿಗುಂಟ ತಿರುವಿನವರೆಗೆ ಓಡಿದರು. ಹಳಿಗಳ ನಡುವೆ ಕುರ್ಚಿ ಬಿಚ್ಚಿ, ಮೇಲೆ ಹತ್ತಿ ನಿಂತು, ಕೊಡೆ ತೆರೆದು ಬೀಸತೊಡಗಿದರು. ಡ್ರೈವರು ಬ್ರೇಕು ಹಾಕಿದ. ಇನ್ನು ಹತ್ತು ಮಾರು ಇದೆ ಅನ್ನುವಾಗ ರಾಮಚಂದ್ರಪ್ಪ ಜಾಲಿಪೊದೆಗೆ ಹಾರಿದರು. ರೈಲು ಕೀಚು ಕೀಚು ಅನ್ನುತ್ತ ಬಂದು ಕುರ್ಚಿಯನ್ನು ಪುಡಿ ಮಾಡಿ, ಎತ್ತಿನಿಂದ ಎರಡು ಮೊಳ ದೂರದಲ್ಲಿ ನಿಂತಿತು. ಆಗ ಎತ್ತು ನಿಧಾನವಾಗಿ ಎದ್ದು, ಸಗಣಿ ಹಾಕಿ, ಗಾಡಿ ಎಳೆದುಕೊಂಡು ಹೋಯಿತು.

“ಯೋವ್! ಅರಿವಿರುಕ್ಕಾ?” ಬುದ್ಧಿ ಇದೆಯಾ ಎಂದು ಡ್ರೈವರು ಕಿಟಕಿಯಿಂದ ತಮಿಳಿನಲ್ಲಿ ಕೂಗಿದ. ಕದಿರಮ್ಮನಿಗೆ ಬಾಯಿ ಮರಳಿ ಬಂತು. ಮೂರು ಭಾಷೆಯಲ್ಲಿ ಅವಳು ಕೊಟ್ಟ ಉತ್ತರ ಕೇಳಿ ರೈಲಿನ ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ರಾಮಚಂದ್ರಪ್ಪನವರನ್ನು ಪೊದೆಯಿಂದ ಎಳೆದು, ಕೂರಿಸಿ, ಮುಳ್ಳು ಕಿತ್ತಳು. ಕೀಳುವಾಗ ಅಳುತ್ತಿದ್ದಳು. ಗಂಡ ಹತ್ತಿರ ಬಂದು, “ಯಾಕ್ಲೇ ಅಳ್ತೀಯ, ಎತ್ತಿಗೇನೂ ಆಗಿಲ್ಲ ಕಣೇ” ಅಂದ.

ಎಣಿಕೆ ಕೊನೆಗೂ ಸಾಲಲಿಲ್ಲ. ಆರನೆಯ ದಿನದಿಂದ ಗಾಡಿ ಕಟ್ಟಲು ಯಾರೂ ಒಪ್ಪಲಿಲ್ಲ, ಕದಿರಮ್ಮನೂ ಕೇಳಲಿಲ್ಲ. ಆದರೆ ಕುರ್ಚಿ ಸತ್ತಿತ್ತಲ್ಲ. ಆ ಹಳಿಯ ಮೇಲೆ ಹಿಂದೆ ಮೂರು ಜನ ಸತ್ತಾಗ ಒಂದು ಹಾಳೆ ಅಲುಗಿರಲಿಲ್ಲ. ಈಗ ಸರ್ಕಾರಿ ಕುರ್ಚಿ ಹೋದದ್ದಕ್ಕೆ ಎರಡೂ ಆಫೀಸಿನಿಂದ ವಿಚಾರಣೆಗೆ ಜೀಪುಗಳು ಬಂದವು. ಕುರ್ಚಿ ಯಾವ ಮರದ್ದು, ಯಾರ ವಶದಲ್ಲಿತ್ತು, ಹಳಿಯ ಮೇಲೆ ಯಾಕೆ ಇಟ್ಟಿರಿ, ಎಲ್ಲ ಕೇಳಿದರು. ರಾಮಚಂದ್ರಪ್ಪ ಮೂರು ಪುಟ ಉತ್ತರ ಬರೆದರು. ಕೊನೆಯ ಸಾಲು ಹೀಗಿತ್ತು: ‘ಸದರಿ ಸ್ಥಳದಲ್ಲಿ ಗೇಟಿಲ್ಲದೆ ಹೋದರೆ ಇಲಾಖೆಯ ಇನ್ನಷ್ಟು ಆಸ್ತಿಗೆ ಅಪಾಯವಿದೆ.’

ಒಂದೂವರೆ ವರ್ಷದಲ್ಲಿ ಗ್ರಾಂಟು ಮಂಜೂರಾಯಿತು. ಎಂಬತ್ತೊಂಬತ್ತರಲ್ಲಿ ಗೇಟು ಬಂತು, ಕಾಯುವವನಿಗೊಂದು ಗೂಡು ಬಂತು, ಜಾಲಿ ಕಡಿದರು. ಅಲ್ಲಿ ಮತ್ತೆ ಯಾರೂ ಸಾಯಲಿಲ್ಲ. ರಾಮಚಂದ್ರಪ್ಪನವರಿಗೆ ಸಿಕ್ಕಿದ್ದು ಮಾತ್ರ ಕುರ್ಚಿ ಕಳೆದದ್ದಕ್ಕೆ ಒಂದು ಮೆಮೊ.

ಕದಿರಮ್ಮ ಗೇಟಿಗೆ ಪೂಜೆ ಮಾಡಿ ತೆಂಗಿನಕಾಯಿ ಒಡೆದಳು. ಆ ಭಕ್ತಿ ಒಂಬತ್ತೇ ದಿನ. ಹತ್ತನೆಯ ಬೆಳಿಗ್ಗೆ ಗೇಟು ಇಪ್ಪತ್ತು ನಿಮಿಷ ಹಾಕಿಯೇ ಇತ್ತು. ಆಚೆ ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ಹೊಸ ಗೇಟ್‌ಮನ್ ಕೋದಂಡಪ್ಪ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ.

“ತೆಗಿಯೋ! ರೈಲೆಲ್ಲಿ ಐತೆ?”

“ಬತ್ತೈತೆ ಕಣಮ್ಮ. ನಿನ್ನ ಜೀವಕ್ಕೇ ಒಳ್ಳೇದು, ನಿಂತ್ಕೊ.”

ಕದಿರಮ್ಮ ಕ್ಯಾನು ಸೊಂಟಕ್ಕೇರಿಸಿ, ತಲೆ ಬಗ್ಗಿಸಿ, ಗೇಟಿನ ಕೆಳಗೆ ನುಸುಳಲು ಹೋದಳು. ಅರ್ಧಕ್ಕೆ ನಿಂತಳು. ಹಿಂದಕ್ಕೆ ಬಂದಳು. ಕಲ್ಲಿನ ಮೇಲೆ ಕೂತು ರೈಲು ಬಂದು ಹೋಗುವವರೆಗೂ ಕೋದಂಡಪ್ಪನ ಮೂರು ತಲೆಮಾರನ್ನು ಹೆಸರು ಹಿಡಿದು ಬೈದಳು. ಗೇಟು ಎತ್ತಿದ ಮೇಲೆ, ಹೇಗೂ ಬಸ್ಸು ಹೋಗಿತ್ತು, ಅವನಿಗೊಂದು ಲೋಟ ಹಾಲು ಸುರಿದು ಮನೆಗೆ ನಡೆದಳು.