ಕಹಿ ಕುಡಿದ ರಬ್ಬರ್ ಗಿಡ

ನಮ್ಮ ಡಾಕ್ಟರ ಬಲಗೈ ತೋರುಬೆರಳಿನ ಉಗುರಿನಲ್ಲಿ ಯಾವಾಗಲೂ ಮಣ್ಣಿರುತ್ತಿತ್ತು. ಉಳಿದ ಬೆರಳುಗಳೆಲ್ಲ ಸಾಬೂನು ಕಂಡು ಕಂಡು ಬೆಳ್ಳಗಾಗಿದ್ದವು. ಶೇರವಾನಿಯ ಗುಂಡಿ ಕುತ್ತಿಗೆಯವರೆಗೆ, ಗಡ್ಡ ಅಚ್ಚುಕಟ್ಟು. ಆ ಒಂದು ಬೆರಳು ಮಾತ್ರ ಈಗಷ್ಟೇ ಹೊಲದಿಂದ ಬಂದ ಹಾಗೆ. ರೋಗಿಯ ನಾಡಿ ಹಿಡಿಯುವ ಮುಂಚೆ ಅದನ್ನೂ ತಿಕ್ಕಿ ತೊಳೆಯುತ್ತಿದ್ದರೆನ್ನಿ, ಆದರೆ ಉಗುರಿನ ಸಂದಿಯದು ಹೋಗುತ್ತಿರಲಿಲ್ಲ. ಗಂಗಾವತಿಗೆ ಹೊಸದಾಗಿ ಬಂದವರು ಅದನ್ನು ನೋಡಿ, ಇವರ ಕೈಯ ಔಷಧ ತೆಗೆದುಕೊಳ್ಳುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದರು.

ಆ ಮಣ್ಣು ರಬ್ಬರ್ ಗಿಡದ ಕುಂಡದ್ದು. ಹೈದರಾಬಾದಿನಿಂದ ಬರುವಾಗ ಔಷಧದ ಪೆಟ್ಟಿಗೆಗಳಿಗಿಂತ ಜೋಪಾನವಾಗಿ ಅದನ್ನು ತಂದಿದ್ದರಂತೆ. ದವಾಖಾನೆಯೊಳಗೆ, ಹೆಂಗಸರು ಕೂಡುವ ಬೆಂಚಿನ ಪಕ್ಕದ ಕಿಟಕಿಯ ಬಳಿ ಅದರ ಠಿಕಾಣಿ. ಬೆಳಕು ಬೇಕು, ನಮ್ಮ ಸೀಮೆಯ ಬಿಸಿಲು ನೇರ ಬೀಳಬಾರದು. ನೀರು ಹಾಕುವ ಮೊದಲು ಬೆರಳನ್ನು ಮಣ್ಣಿನಲ್ಲಿ ಇಳಿಸಿ ನೋಡುವುದು. ಒಳಗೆ ತೇವ ಸಿಕ್ಕರೆ ಅಂದು ಹನಿಯೂ ಇಲ್ಲ. ಅಂಗೈ ಅಗಲದ ದಪ್ಪ ಎಲೆಗಳನ್ನು, ಕೆಳಗೆ ಎಡಗೈ ಆಸರೆ ಕೊಟ್ಟು, ಒದ್ದೆ ಅರಿವೆಯಿಂದ ಒಂದೊಂದಾಗಿ ಒರೆಸುತ್ತಿದ್ದರು. ಒಮ್ಮೆ ಕಂಪೌಂಡರ್ ಎಲೆ ಮಿಂಚಲಿ ಎಂದು ಕುಸುಬಿ ಎಣ್ಣೆ ಸವರಿ ಬೈಸಿಕೊಂಡಿದ್ದ. "ಅದಕ್ಕೂ ಉಸರಾಟ ಐತಿ ಮಿಯಾ. ನಿನ್ನ ಮೂಗಿನಾಗ ಎಣ್ಣಿ ತುಂಬಲೇನು?"

ಊರವರಿಗೆ ಇದೆಲ್ಲ ತಮಾಷೆ. ಗಿಡವನ್ನು ಮನೆಯೊಳಗೆ ಕೂಡಿಹಾಕಿ ಉಪವಾಸ ಕೆಡವುವ ಡಾಕ್ಟರು ಎಂದು ನಗುತ್ತಿದ್ದರು. "ಇದರಾಗ ಮೋಟಾರ್ ಗಾಲಿ ಯಾವಾಗ ಬೆಳೀತಾವ್ರಿ, ಡಾಕ್ಟರ ಸಾಹೇಬ್ರ?" ಎಂದು ನಮ್ಮ ಭತ್ತದ ಅಡತಿ ಅಂಗಡಿಯ ಸಾಹುಕಾರರು ಕೇಳಿದರೆ, "ನೀವು ಮೋಟಾರ್ ತಗೊಂಡ ದಿವಸ" ಎಂದುಬಿಟ್ಟರು ಡಾಕ್ಟರು. ಸಾಹುಕಾರರು ಎಷ್ಟೋ ವರ್ಷದಿಂದ ಮೋಟಾರು ಕೊಳ್ಳುತ್ತೇನೆ ಎನ್ನುತ್ತಲೇ ಇದ್ದವರು.

ನಾನು ಆ ಅಂಗಡಿಯಲ್ಲಿ ಗುಮಾಸ್ತ. ಮದುವೆಯಾದ ಎರಡನೆಯ ವರ್ಷ ನನ್ನ ಹೆಂಡತಿಗೆ ಚಳಿಜ್ವರ ಹತ್ತಿತು. ಭತ್ತದ ಗದ್ದೆಗಳ ಸೀಮೆ ನಮ್ಮದು, ಚಳಿಜ್ವರ ಎಲ್ಲರ ಮನೆಗೂ ಬಂದುಹೋಗುತ್ತಿತ್ತು. ಇವಳನ್ನು ಮಾತ್ರ ಹಿಡಿದು ಕೂತಿತು. ದಿನ ಬಿಟ್ಟು ದಿನ ನಡುಕ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ ಗಟ್ಟಿಯಾಗಿ ಅದುಮಿ ಹಿಡಿದರೂ ಹಲ್ಲು ಕಟಕಟ ಎನ್ನುವುದು ನಿಲ್ಲುತ್ತಿರಲಿಲ್ಲ.

ಡಾಕ್ಟರದೊಂದು ಪದ್ಧತಿ ಇತ್ತು. ಕ್ವಿನೈನ್ ಕಲಸಿದ ಔಷಧವನ್ನು ಬಾಟಲಿಯಲ್ಲಿ ಮನೆಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಅದು ಬಚ್ಚಲಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ದಿನವೂ ಬಂದು ಅವರ ಎದುರಿಗೇ ಗ್ಲಾಸು ಎತ್ತಬೇಕು. ನಾನು ಬೆಳಿಗ್ಗೆ ಬಂಡಿಯಲ್ಲಿ ಅವಳನ್ನು ಕರೆತಂದು ಹೊರಗೆ ಗಂಡಸರ ಜೊತೆ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಅವಳು ಗ್ಲಾಸನ್ನು ಬಾಯಿಗೆ ಸುರುವಿಕೊಂಡು, ಬಾಯಿಗೆ ಸೆರಗು ಇಟ್ಟು, ಕಿಟಕಿಯ ಬಳಿಯ ಬೆಂಚಿಗೆ ಹೋಗಿ ಕೂಡುತ್ತಿದ್ದಳು. ಔಷಧ ತಪ್ಪಲಿಲ್ಲ, ಮೈ ಮಾತ್ರ ಕರಗುತ್ತ ಹೋಯಿತು. ಮುಂಗೈಯ ಬಳೆ ಮೊಳಕೈ ದಾಟಿ ಮೇಲೇರುವಷ್ಟು ತೋಳು ಸಣ್ಣಗಾಯಿತು.

ಕಡೆಗೊಂದು ದಿನ ಡಾಕ್ಟರು ನನ್ನನ್ನು ಒಳಗೆ ಕರೆದು ಕಿಟಕಿಯ ಬಳಿ ನಿಲ್ಲಿಸಿದರು. "ಜ್ವರ ನನ್ನ ಔಷಧಕ್ಕ ಬಗ್ಗಬೇಕಾಗಿತ್ತು, ಬಗ್ಗವಲ್ದು. ಇದು ಚಳಿಜ್ವರ ಅಲ್ಲೋ ಏನೋ. ಹೊಳಿ ದಾಟಿ ದೊಡ್ಡ ದವಾಖಾನಿಗೆ ಒಯ್ರಿ. ತಡಾ ಮಾಡಬ್ಯಾಡ್ರಿ."

ಅವರು ಅಳುಕಿ ಮಾತಾಡಿದ್ದನ್ನು ಅಂದೇ ಮೊದಲು ಕಂಡದ್ದು. ಅಷ್ಟು ದೂರದ ಬಂಡಿದಾರಿಯನ್ನು ಇವಳ ಜೀವ ತಾಳುತ್ತದೆ ಎಂದು ನನಗೆ ಅನ್ನಿಸಲಿಲ್ಲ.

ಆ ದಿನಗಳಲ್ಲಿ ಗಿಡವೂ ಸೊರಗಿತ್ತು. ಎಲೆ ಹಳದಿಯಾಗಿ ಒಂದೊಂದೇ ಕಳಚುತ್ತಿತ್ತು, ಆದರೆ ಮಣ್ಣು ಸದಾ ಹಸಿ. ನೀನೇ ನೀರು ಸುರುವಿದ್ದೀಯ ಎಂದು ಡಾಕ್ಟರು ಗದರಿಸಿದರೆ ಕಂಪೌಂಡರ್ ಆಣೆ ಮಾಡಿ ಇಲ್ಲ ಎನ್ನುತ್ತಿದ್ದ. ನನ್ನೊಡನೆ ಮಾತಾಡುತ್ತಲೇ ಡಾಕ್ಟರು ಅಭ್ಯಾಸದಂತೆ ಕುಂಡದಲ್ಲಿ ಬೆರಳಿಟ್ಟರು. ತೆಗೆದು ಮೂಸಿದರು. ಆಮೇಲೆ, ನನಗೆ ಹೇಸಿಗೆ ಅನ್ನಿಸಿತು, ಅದನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡರು. ಅವರ ಮುಖ ಕಿವುಚಿತು.

"ಇದು ನನ್ನ ಔಷಧ" ಅಂದರು.

ಬೆಂಚಿನ ಮೇಲಿದ್ದ ನನ್ನ ಹೆಂಡತಿ ತಲೆ ಬಗ್ಗಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಡಾಕ್ಟರು ನನಗೆ ಕೈ ಅಡ್ಡ ಹಿಡಿದು, ಸ್ಟೂಲು ಎಳೆದುಕೊಂಡು ಅವಳೆದುರು ಕೂತರು.

"ಕಹಿ ಅಂತ ಉಗುಳಿದೇನವ್ವಾ?"

"ಇಲ್ಲರಿ." ತಲೆ ಬಗ್ಗಿಸಿಯೇ ಹೇಳಿದಳು: "ಇಂಗ್ಲೀಷ್ ಔಷಧದಾಗ ಸೆರೆ, ಸಾರಾಯಿ ಹಾಕಿರ್ತಾರಂತ್ರಿ. ನಾ ಲಿಂಗ ಕಟ್ಟಿದಾಕಿ. ದೊಡ್ಡವರು ನೀವು, ನಿಮ್ಮ ಮುಂದ ಒಲ್ಲೆ ಅನ್ನಾಕ ಬಾಯಿ ಬರಲಿಲ್ಲರಿ."

ಡಾಕ್ಟರು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಸೆರೆ ನನಗೂ ಹರಾಮ್ ಐತಿ, ಬೇಟಿ. ನಾ ಅದನ್ನ ಮನ್ಯಾಗ ಸೈತ ಇಡೂದಿಲ್ಲ. ನಿನಗ ಹ್ಯಾಂಗ ಕುಡಿಸಲಿ?"

ಅವಳು ತಲೆ ಎತ್ತಿ ಅವರ ಗಡ್ಡವನ್ನೂ ಟೋಪಿಯನ್ನೂ ಅಂದೇ ಮೊದಲು ಕಂಡವಳಂತೆ ನೋಡಿದಳು. ಅವಳಿಗಾಗಲಿ, ಅವಳ ಕಿವಿಯಲ್ಲಿ ಸೆರೆಯ ಮಾತು ಊದಿದ ಓಣಿಯ ಹೆಂಗಸರಿಗಾಗಲಿ ಇದು ಹೊಳೆದೇ ಇರಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿದಾಗ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಬ್ಯಾರೆ ಏನೂ ಆಗಿಲ್ಲರಿ ಇಕಿಗೆ. ಔಷಧ ಹೊಟ್ಟಿಗೆ ಹೋಗಿಲ್ಲ, ಅಷ್ಟ. ನಾ ನಿದ್ದಿಗೆಟ್ಟು ಕುಂತಿದ್ದೆ." ನನ್ನ ಸಿಟ್ಟು ಎಲ್ಲಿ ಹೋಯಿತೋ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಹೆಂಗಸರ ಬೆಂಚಿನ ಮುಂದೆಯೇ ಅತ್ತುಬಿಟ್ಟೆ.

ಮರುದಿನದಿಂದ ಒಣ ಪುಡಿಯನ್ನು ಅವಳ ಕಣ್ಣೆದುರಿಗೆ ತೂಗಿ, ನಾವು ಮನೆಯಿಂದ ಒಯ್ದ ಜೇನಿನಲ್ಲಿ ಕಲಸಿ ಕೊಟ್ಟರು. ನುಂಗಿ, ಕೇಳದಿದ್ದರೂ ಬಾಯಿ ತೆರೆದು ತೋರಿಸುತ್ತಿದ್ದಳು. ಸ್ವಲ್ಪ ದಿನಗಳಲ್ಲೇ ನಡುಕ ನಿಂತಿತು. ಒಂದು ಬೆಳಿಗ್ಗೆ ಎದ್ದವಳು ಹಸಿವು ಎಂದಳು. ಆ ಒಂದು ಮಾತಿಗೆ ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

ಗಿಡಕ್ಕೂ ಚಿಕಿತ್ಸೆ ನಡೆಯಿತು. ಕುಂಡದಿಂದ ಕಿತ್ತು, ಕೊಳೆತ ಬೇರು ಕತ್ತರಿಸಿ, ಹೊಳೆಯ ಮರಳು ಬೆರೆಸಿದ ಹೊಸ ಮಣ್ಣಿಗೆ ಇಳಿಸಿದರು. ಬೋಳಾಗಿ ನಿಂತಿದ್ದು ಮಳೆಗಾಲಕ್ಕೆ ತುದಿಯಲ್ಲಿ ಕೆಂಪು ಸುರುಳಿ ಬಿಟ್ಟು ಎಲೆ ಬಿಚ್ಚಿತು. ಕುಂಡವನ್ನು ಡಾಕ್ಟರು ತಮ್ಮ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು, ಬೆಂಚಿನ ಬಳಿ ಒಂದು ಹಿತ್ತಾಳೆ ಪೀಕದಾನಿ ಇಡಿಸಿದರು. "ಒಲ್ಲೆ ಅನ್ನಾಕ ನಾಚಿಕಿ ಬಂದವರು ಇದರಾಗ ಉಗುಳ್ರಿ. ನನಗ ಗೊತ್ತರ ಆಗತೈತಿ" ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಡಾಕ್ಟರು ತೀರಿಕೊಂಡರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ನಾನು ಅವರ ಅಂಗಳದಲ್ಲಿ ಗಂಡಸರ ಜೊತೆ ನಿಂತಿದ್ದೆ. ನನ್ನ ಹೆಂಡತಿ ನಮ್ಮ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಒಳಗೆ ಡಾಕ್ಟರ ಹೆಂಡತಿಯ ಬಳಿ ಹೋಗಿ ಬಹಳ ಹೊತ್ತು ಕೂತಿದ್ದಳು.

ಬಂಡಿಯಲ್ಲಿ ತಿರುಗಿ ಬರುವಾಗ ಹೇಳಿದಳು: "ಬೇಗಂ ಸಾಹೇಬ್ರು ಯಾರು ನೀನು ಅಂದ್ರು. ಔಷಧ ಉಗುಳಿದಾಕಿ ರೀ ಅಂದೆ. ಅಳಕೋತನ ನಕ್ಕು ನನ್ನ ತಬ್ಕೊಂಡ್ರು."

ಇದನ್ನು ಬರೆಯುತ್ತಿರುವಾಗ ಒಳಗೆ ಅವಳು ರೊಟ್ಟಿ ಬಡಿಯುತ್ತಿದ್ದಾಳೆ. ಈ ಮನೆಯಲ್ಲಿ ಆ ಸಪ್ಪಳ ನಿಂತುಹೋಗದ ಹಾಗೆ ನೋಡಿಕೊಂಡವರು ಆ ಡಾಕ್ಟರು.